ಚಳಿಯನ್ನು ಅರಿಯದ ಊರಿಗೆ ಹಿಮ ಬಂದಾಗ

ಪೂರ್ವ ಸೈಬೀರಿಯಾದ ಯಾಕುತ್ಸ್ಕ್ ನಗರದಲ್ಲಿ ಜನವರಿಯ ಸರಾಸರಿ ತಾಪಮಾನ ಮೈನಸ್ 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಚಳಿ ಹೆಚ್ಚಿದಂತೆ ಸಾವುಗಳೂ ಹೆಚ್ಚುತ್ತವೆಯೇ ಎಂದು 1990ರ ದಶಕದಲ್ಲಿ ಅಲ್ಲಿ ಪರಿಶೀಲಿಸಿದ ಸಂಶೋಧಕರಿಗೆ, ಮೈನಸ್ 48ರವರೆಗೆ ಇಳಿದ ದಿನಗಳಲ್ಲಿಯೂ ಒಟ್ಟು ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ. ಅದೇ ದಶಕದಲ್ಲಿ ಯೂರೋಪಿನ ಹಲವು ಪ್ರದೇಶಗಳನ್ನು ಹೋಲಿಸಿ ನೋಡಿದ ಮತ್ತೊಂದು ಅಧ್ಯಯನದಲ್ಲಿ, ಅಥೆನ್ಸ್ ಮತ್ತು ಲಂಡನ್‌ನಂಥ ಹದವಾದ ಚಳಿಗಾಲದ ಊರುಗಳಲ್ಲಿ ತಾಪಮಾನ ಒಂದೊಂದು ಡಿಗ್ರಿ ಇಳಿದಾಗ ಸಾವಿನ ಪ್ರಮಾಣವು ದಕ್ಷಿಣ ಫಿನ್ಲೆಂಡಿಗಿಂತ ಹೆಚ್ಚು ಏರುತ್ತಿದ್ದುದು ಕಂಡುಬಂತು. ಶೀತ ಪ್ರದೇಶದವರು ಹೊರಗೆ ಹೋಗುವಾಗ ಟೋಪಿ, ಕೈಗವಸು, ದಪ್ಪ ಕೋಟು ಧರಿಸುತ್ತಿದ್ದರು, ಮನೆಯ ಒಳಗನ್ನು ಬೆಚ್ಚಗಿಡುತ್ತಿದ್ದರು. ಬೆಚ್ಚನೆಯ ಊರಿನವರಿಗೆ ಅದೇ ಮಟ್ಟದ ಚಳಿಯಲ್ಲಿ ಈ ಯಾವುದೂ ಅಷ್ಟು ರೂಢಿಯಲ್ಲಿರಲಿಲ್ಲ. ಈ ಸಲದ ಚಳಿಗಾಲ ನಾನಿರುವ ಕಡೆಯೂ ಎಂದಿನ ಮಿತಿಯನ್ನು ದಾಟಿ ಬಂದು, ಬೀದಿ ಹಿಮದಲ್ಲಿ ಹೂತುಹೋಗಿರುವ ಈ ದಿನಗಳಲ್ಲಿ, ಈ ಎರಡು ಅಧ್ಯಯನಗಳು ನನ್ನ ಮನಸ್ಸಿನಿಂದ ಕದಲಿಲ್ಲ. ಚಳಿಯ ತೀವ್ರತೆಗಿಂತ ಅದರ ಅಪರಿಚಿತತೆಯೇ ಹೆಚ್ಚು ಅಪಾಯಕಾರಿ ಎಂದು ನಾನು ಈಗ ನಂಬುತ್ತೇನೆ. ಯಾಕುತ್ಸ್ಕ್‌ನ ಜನಕ್ಕೆ ತಲೆಮಾರುಗಳಿಂದ ಕೈವಶವಾಗಿರುವ ಅಭ್ಯಾಸಗಳನ್ನು ನಾವು ಕೆಲವೇ ದಿನಗಳಲ್ಲಿ ಕಲಿಯಬೇಕಾಗಿರುವುದರಿಂದ, ಯಾವುದು ಮೊದಲು, ಯಾವುದು ಆಮೇಲೆ ಎಂಬ ತಿಳಿವಳಿಕೆ ಬಹಳ ಮುಖ್ಯವಾಗುತ್ತದೆ.

ಇಂಥ ಚಳಿ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಚಳಿಗಾಲದಲ್ಲಿ ಉತ್ತರ ಧ್ರುವದ ಮೇಲೆ, ಮೋಡಗಳಿಗಿಂತ ಮೇಲಿರುವ ಸಮೋಷ್ಣ ಮಂಡಲ (ಸ್ಟ್ರಾಟೋಸ್ಫಿಯರ್) ಎಂಬ ವಾಯುಮಂಡಲದ ಪದರದಲ್ಲಿ, ಅತಿ ಶೀತಲವಾದ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ವೇಗವಾಗಿ ಸುತ್ತುತ್ತಿರುತ್ತದೆ. ಈ ಧ್ರುವಸುಳಿ ಬಲವಾಗಿರುವಷ್ಟು ದಿನ ಚಳಿಯ ಬಹುಪಾಲು ಉತ್ತರದಲ್ಲಿಯೇ ಕಟ್ಟುಬಿದ್ದಿರುತ್ತದೆ. ಕೆಲವು ವರ್ಷಗಳಲ್ಲಿ ಸಮೋಷ್ಣ ಮಂಡಲ ಕೆಲವೇ ದಿನಗಳಲ್ಲಿ ಹತ್ತಾರು ಡಿಗ್ರಿ ಬಿಸಿಯಾಗಿ ಸುಳಿ ದುರ್ಬಲಗೊಳ್ಳುತ್ತದೆ ಇಲ್ಲವೇ ಒಡೆದುಹೋಗುತ್ತದೆ. ಈ ಹಠಾತ್ ಬಿಸಿಯೇರಿಕೆಯನ್ನು ಜರ್ಮನಿಯ ಹವಾಮಾನ ವಿಜ್ಞಾನಿ ರಿಚರ್ಡ್ ಶೆರ್‌ಹಾಗ್ 1952ರಲ್ಲಿ ಬರ್ಲಿನ್‌ನಲ್ಲಿ ಮೊದಲು ಗುರುತಿಸಿದರು. 2018ರ ಫೆಬ್ರವರಿಯ ಮಧ್ಯದಲ್ಲಿ ಸುಳಿ ಹೀಗೆ ಒಡೆದ ಎರಡು ವಾರಗಳೊಳಗೆ ಯೂರೋಪಿನಾದ್ಯಂತ ಸೈಬೀರಿಯಾದ ಕಡೆಯ ಗಾಳಿ ಬೀಸಿತು. ಹಿಮ ಅಪರೂಪವಾದ ರೋಮ್ ನಗರವೂ ಬಿಳಿಯಾಯಿತು. ಇಂಥ ಹಠಾತ್ ಚಳಿಯ ಹಿಂದೆ ಪ್ರತಿಸಲವೂ ಇದೊಂದೇ ಕಾರಣ ಇರುವುದಿಲ್ಲವಾದರೂ, ಹಿಮ ಕಾಣದ ಊರಿಗೂ ಹಿಮ ಬರಬಲ್ಲದು ಎಂಬುದನ್ನು ಒಪ್ಪಿಕೊಳ್ಳಲು ಇಷ್ಟು ತಿಳಿದಿದ್ದರೆ ಸಾಕು.

ಈಗ ದೇಹದ ವಿಷಯ. ಮನೆಯನ್ನು ಬೆಚ್ಚಗಿಡುವ ಚಿಂತೆಯಲ್ಲಿ ನಾವು ಮೈಯನ್ನು ಬೆಚ್ಚಗಿಡುವುದನ್ನು ಎರಡನೆಯ ಸಾಲಿಗೆ ತಳ್ಳಿಬಿಡುತ್ತೇವೆ; ಇದು ತಿರುವುಮುರುವು ಆಗಬೇಕು ಎಂಬುದು ನನ್ನ ಅಭಿಪ್ರಾಯ. ಬಟ್ಟೆ ತಾನಾಗಿ ಶಾಖ ಕೊಡುವುದಿಲ್ಲ, ದೇಹದ ಶಾಖ ಹೊರಗೆ ಹೋಗದಂತೆ ತಡೆಯುತ್ತದೆ, ಹಾಗೆ ತಡೆಯುವ ಕೆಲಸವನ್ನು ನಿಜವಾಗಿ ಮಾಡುವುದು ಬಟ್ಟೆಯ ಎಳೆಗಳ ನಡುವೆ ಸಿಕ್ಕಿಕೊಂಡು ಕದಲದೆ ನಿಂತ ಗಾಳಿ. ಆದ್ದರಿಂದಲೇ ಒಂದು ದಪ್ಪ ಉಡುಪಿಗಿಂತ ಸಡಿಲವಾದ ಮೂರು ಪದರಗಳು ಮೇಲು: ಮೈಗೆ ತಾಗುವುದು ಬೆವರನ್ನು ಹೀರಿ ಹೊರಕ್ಕೆ ಬಿಡುವಂಥದ್ದು, ನಡುವಿನದು ಉಣ್ಣೆ ಅಥವಾ ಫ್ಲೀಸ್, ಹೊರಗಿನದು ಗಾಳಿಯನ್ನೂ ನೀರನ್ನೂ ತಡೆಯುವಂಥದ್ದು. ನೆನೆದ ಹತ್ತಿಬಟ್ಟೆಯ ಎಳೆಗಳ ನಡುವಿನ ಗಾಳಿಯ ಜಾಗವನ್ನು ನೀರು ಆಕ್ರಮಿಸುವುದರಿಂದ ಅದು ಮೈಯ ಶಾಖವನ್ನು ಹೊರಕ್ಕೆಳೆಯತೊಡಗುತ್ತದೆ. ಉಣ್ಣೆ ನೆನೆದರೂ ತನ್ನ ಗುಣವನ್ನು ಒಂದಷ್ಟು ಉಳಿಸಿಕೊಳ್ಳುತ್ತದೆ. ಚಳಿಯೆಂದು ಒಂದರ ಮೇಲೊಂದು ಕಾಲುಚೀಲ ಹಾಕಿ ಬಿಗಿಯಾದ ಶೂನೊಳಗೆ ಪಾದವನ್ನು ತುರುಕುವುದರಿಂದ ರಕ್ತಸಂಚಾರಕ್ಕೆ ತಡೆಯಾಗಿ, ನಡುವಿನ ಗಾಳಿಯೂ ಹೊರಗೆ ಹೋಗಿ, ಬೆರಳುಗಳು ಮತ್ತಷ್ಟು ಬೇಗ ತಣ್ಣಗಾಗುತ್ತವೆ. ದೇಹದ ಅರ್ಧದಷ್ಟು ಶಾಖ ತಲೆಯಿಂದಲೇ ಹೋಗುತ್ತದೆ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ, ಅದು ನಿಜವಲ್ಲ. ತಲೆಯ ಪಾಲು ಅದರ ವಿಸ್ತೀರ್ಣಕ್ಕೆ ತಕ್ಕಂತೆ ಹತ್ತನೆಯ ಒಂದು ಭಾಗದ ಆಸುಪಾಸು. ಹಾಗೆಂದು ಟೋಪಿಯನ್ನು ಬಿಡಬೇಕಾಗಿಲ್ಲ, ಕಿವಿ ಮತ್ತು ಮೂಗು ಹಿಮಕಡಿತಕ್ಕೆ, ಅಂದರೆ ಚಳಿಗೆ ಚರ್ಮ ಹೆಪ್ಪುಗಟ್ಟಿ ಹಾಳಾಗುವುದಕ್ಕೆ, ಮೊದಲು ತುತ್ತಾಗುವ ಅಂಗಗಳು.

ಗಾಳಿಯೂ ಸೇರಿದಾಗ ಚರ್ಮಕ್ಕೆ ಎಷ್ಟು ಚಳಿ ತಾಗುತ್ತದೆ ಎಂದು ಹೇಳುವ, ಹವಾಮಾನ ವರದಿಯಲ್ಲಿ ಬರುವ ‘ಗಾಳಿಚಳಿ’ಯ ಅಂಕಿಯನ್ನು ಅನೇಕರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಈ ಲೆಕ್ಕ ಹುಟ್ಟಿದ್ದು ಅಂಟಾರ್ಕ್ಟಿಕಾದಲ್ಲಿ; ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪಾಸೆಲ್ ಎಂಬ ಇಬ್ಬರು, ಗಾಳಿ ಬೀಸುವ ಕಡೆ ನೀರು ತುಂಬಿದ ಸಣ್ಣ ಪಾತ್ರೆಯನ್ನು ತೂಗುಹಾಕಿ ಅದು ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ಅಳೆದು, ಅದರ ಫಲಿತಾಂಶವನ್ನು 1945ರಲ್ಲಿ ಪ್ರಕಟಿಸಿದರು. ಈಗ ಬಳಕೆಯಲ್ಲಿರುವ ಸೂತ್ರವನ್ನು ಅಮೆರಿಕ ಮತ್ತು ಕೆನಡಾ 2001ರಲ್ಲಿ ಜಾರಿಗೆ ತಂದವು. ಮೈನಸ್ 18 ಡಿಗ್ರಿಯಲ್ಲಿ ಗಂಟೆಗೆ 24 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 28ರ ಹಾಗೆ ತಾಗುತ್ತದೆ, ಆ ಮಟ್ಟದಲ್ಲಿ ಅರ್ಧ ಗಂಟೆಯೊಳಗೆ ಹಿಮಕಡಿತವಾಗಬಹುದು. ಗಾಳಿ ನೀರಿನ ಪೈಪನ್ನಾಗಲಿ ಕಾರನ್ನಾಗಲಿ ಸುತ್ತಲಿನ ತಾಪಮಾನಕ್ಕಿಂತ ಕೆಳಗೆ ಇಳಿಸಲಾರದು. ಇರುವ ಶಾಖವನ್ನು ಬೇಗ ಕಸಿಯುತ್ತದೆ, ಅಷ್ಟೇ. ಮುಖ, ಕುತ್ತಿಗೆ, ಮಣಿಕಟ್ಟುಗಳನ್ನು ಮುಚ್ಚಿಕೊಳ್ಳಬೇಕೇ ಬೇಡವೇ ಎಂಬುದನ್ನು ನಾನು ಈಗ ತಾಪಮಾನಕ್ಕಿಂತ ಈ ಅಂಕಿಯನ್ನು ನೋಡಿಯೇ ತೀರ್ಮಾನಿಸುತ್ತೇನೆ.

ಹಿಮಕಡಿತದ ಮೊದಲ ಗುರುತು ನೋವು, ಎರಡನೆಯದು ಆ ನೋವು ಇಲ್ಲವಾಗುವುದು. ಜೋಮು ಹಿಡಿದ ಬೆರಳಿನ ನೋವು ನಿಂತಿತೆಂದು ಸಮಾಧಾನಪಡುವ ಕ್ಷಣವೇ ಎಚ್ಚರಗೊಳ್ಳಬೇಕಾದ ಕ್ಷಣ. ತಿಳಿಬಣ್ಣದ ಚರ್ಮದಲ್ಲಿ ಬಿಳಚಿದ, ಮೇಣದಂಥ ಕಲೆ ಕಾಣುತ್ತದೆ, ಕಂದು ಅಥವಾ ಕಪ್ಪು ಚರ್ಮದಲ್ಲಿ ಅದು ಬೂದುಬಣ್ಣಕ್ಕೆ ತಿರುಗಿ ಸುಲಭವಾಗಿ ಕಣ್ಣುತಪ್ಪುವುದರಿಂದ, ಮುಟ್ಟಿ ನೋಡಿ ಗಡುಸಾಗಿದೆಯೇ ಎಂದು ಪರೀಕ್ಷಿಸಬೇಕು. ಅಂಥ ಭಾಗವನ್ನು ಉಜ್ಜಬಾರದು, ಹಿಮದಿಂದಂತೂ ಉಜ್ಜಲೇಬಾರದು, ಬೆಂಕಿಗೆ ಹಿಡಿಯಬಾರದು. ಸ್ಪರ್ಶ ತಿಳಿಯದ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. 37ರಿಂದ 39 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ ಮುಳುಗಿಸಿಡಬೇಕು, ಮತ್ತೆ ಹೆಪ್ಪುಗಟ್ಟುವ ಸಂಭವವಿದ್ದರೆ ಸುರಕ್ಷಿತ ಜಾಗಕ್ಕೆ ತಲುಪುವವರೆಗೆ ಕರಗಿಸಲು ಹೋಗಬಾರದು.

ಹೈಪೋಥರ್ಮಿಯಾ ಇದಕ್ಕಿಂತ ಮೋಸದ ಸ್ಥಿತಿ. ದೇಹದ ಒಳಗಿನ ತಾಪಮಾನ 35 ಡಿಗ್ರಿಗಿಂತ ಕೆಳಗೆ ಇಳಿದಾಗ ನಡುಕದ ಜೊತೆಗೆ ಮಾತು ತೊದಲುತ್ತದೆ, ಕೈ ತಡವರಿಸುತ್ತದೆ, ಹೆಜ್ಜೆ ಎಡವುತ್ತದೆ, ಮತ್ತು ಬುದ್ಧಿ ಮಂದವಾಗುವುದರಿಂದ ತನಗೇನಾಗುತ್ತಿದೆ ಎಂಬುದು ಆ ವ್ಯಕ್ತಿಗೇ ತಿಳಿಯುವುದಿಲ್ಲ. ಇನ್ನೂ ಕೆಳಗೆ ಇಳಿದರೆ ನಡುಕ ನಿಲ್ಲುತ್ತದೆ. ಕೆಲವರು ಸೆಕೆಯಾಗುತ್ತಿದೆ ಎನ್ನಿಸಿ ಬಟ್ಟೆ ಕಳಚತೊಡಗುತ್ತಾರೆ. ಇಂಥವರನ್ನು ಒಳಗೆ ಕರೆತಂದು, ಒದ್ದೆಬಟ್ಟೆ ತೆಗೆದು, ಎದೆ, ಕುತ್ತಿಗೆ, ತಲೆಯ ಭಾಗವನ್ನು ಮೊದಲು ಬೆಚ್ಚಗೆ ಮಾಡಿ, ಮಲಗಿಸಿ ತುರ್ತು ಸಹಾಯಕ್ಕೆ ಕರೆಮಾಡಬೇಕು. ಮದ್ಯ ಕೊಟ್ಟರೆ ಮೈ ಬೆಚ್ಚಗಾಗುತ್ತದೆ ಎಂಬ ನಂಬಿಕೆ ಜೀವಕ್ಕೆ ಎರವಾಗಬಲ್ಲದು: ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ, ಬಿಸಿಯ ಅನುಭವವನ್ನು ಕೊಡುತ್ತಲೇ ಒಳಗಿನ ಶಾಖವನ್ನು ಹೊರಗೆ ಚೆಲ್ಲುತ್ತದೆ.

ಮನೆಯೊಳಗಿನ ಅಪಾಯಗಳಿಗೆ 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯ ಕಂಡಷ್ಟು ಸ್ಪಷ್ಟವಾದ ಉದಾಹರಣೆ ನನಗೆ ಬೇರೆ ತಿಳಿಯದು. ಡಲ್ಲಾಸ್‌ನಲ್ಲಿ ತಾಪಮಾನ ಮೈನಸ್ 19ಕ್ಕೆ ಇಳಿಯಿತು, ರಾಜ್ಯದಲ್ಲಿ 45 ಲಕ್ಷಕ್ಕೂ ಹೆಚ್ಚು ಮನೆ ಮತ್ತು ಕಟ್ಟಡಗಳಿಗೆ ವಿದ್ಯುತ್ ಇಲ್ಲದಾಯಿತು, ಸರ್ಕಾರದ ಲೆಕ್ಕದ ಪ್ರಕಾರವೇ 246 ಜನ ತೀರಿಕೊಂಡರು. ಬಹುಪಾಲು ಸಾವುಗಳಿಗೆ ಚಳಿಯೇ ನೇರ ಕಾರಣವಾದರೆ, ಕೆಲವರು ಚಳಿಯಿಂದ ತಪ್ಪಿಸಿಕೊಳ್ಳಲು ಹೂಡಿದ ಉಪಾಯಗಳಿಗೆ ಬಲಿಯಾದರು. ಇದ್ದಿಲು ಒಲೆಯನ್ನು ಒಳಗೆ ಹಚ್ಚುವುದು, ಗ್ಯಾರೇಜಿನಲ್ಲಿ ಕಾರಿನ ಎಂಜಿನ್ ಓಡಿಸಿ ಅದರೊಳಗೆ ಕೂರುವುದು, ಜನರೇಟರನ್ನು ಬಾಗಿಲ ಬಳಿ ಇಡುವುದು, ಇವೆಲ್ಲವೂ ಕಾರ್ಬನ್ ಮಾನಾಕ್ಸೈಡನ್ನು ಮನೆಯೊಳಗೆ ತುಂಬುವ ದಾರಿಗಳು. ಬಣ್ಣವಿಲ್ಲದ, ವಾಸನೆಯಿಲ್ಲದ ಈ ಅನಿಲ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮೀರಿದ ಬಲದಿಂದ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಒಂದೇ ಮನೆಯಲ್ಲಿ ಹಲವರಿಗೆ ಒಟ್ಟಿಗೆ ಬಂದರೆ ಜ್ವರವಿರಬಹುದೆಂದು ಮಲಗದೆ ತಕ್ಷಣ ಹೊರಗೆ ಹೋಗಬೇಕು. ಜನರೇಟರ್ ಮನೆಯಿಂದ ಕನಿಷ್ಠ 6 ಮೀಟರ್ ದೂರದಲ್ಲಿ, ಅದರ ಹೊಗೆ ಕಿಟಕಿ ಬಾಗಿಲುಗಳ ಕಡೆ ಬಾರದಂತೆ ಇರಬೇಕು. ಹಿಮ ಬಿದ್ದ ಪ್ರತಿಸಲವೂ ಹೀಟರಿನ ಹೊಗೆ ಹೊರಹೋಗುವ ಕೊಳವೆಯ ಬಾಯಿ ಮುಚ್ಚಿಹೋಗಿದೆಯೇ ಎಂದು ನಾನು ಮೊದಲು ನೋಡುತ್ತೇನೆ, ಬಾಗಿಲ ಮುಂದಿನ ದಾರಿಯನ್ನು ಆಮೇಲೆ.

ವಿಶ್ವ ಆರೋಗ್ಯ ಸಂಸ್ಥೆ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕೆಂದು ಸಲಹೆ ನೀಡಿದೆ. ಇಡೀ ಮನೆಗೆ ಅಷ್ಟು ಶಾಖ ಒದಗಿಸಲಾಗದಿದ್ದರೆ ಒಂದೇ ಕೋಣೆಯನ್ನು ಆರಿಸಿಕೊಂಡು, ಬಾಗಿಲ ಕೆಳಗಿನ ಸಂದಿಗೆ ಸುತ್ತಿದ ಬಟ್ಟೆ ಇಟ್ಟು, ಕಿಟಕಿಗಳಿಗೆ ಕಂಬಳಿ ತೂಗುಬಿಟ್ಟು, ಎಲ್ಲರೂ ಅಲ್ಲಿಯೇ ಮಲಗುವುದು ಒಳ್ಳೆಯದು. ನೀರು ಹೆಪ್ಪುಗಟ್ಟುವಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಪೈಪಿನೊಳಗಿನ ಮಂಜುಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕ ನೀರಿನ ಒತ್ತಡ ಏರಿ ಪೈಪು ಸೀಳುತ್ತದೆ. ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕುವಂತೆ ಬಿಟ್ಟರೆ ಆ ಒತ್ತಡಕ್ಕೆ ದಾರಿಯಾಗುತ್ತದೆ. ಮನೆಗೆ ನೀರು ಬರುವ ಮುಖ್ಯ ವಾಲ್ವ್ ಎಲ್ಲಿದೆ ಎಂಬುದು ಮನೆಯ ಪ್ರತಿಯೊಬ್ಬರಿಗೂ ತಿಳಿದಿರಲಿ.

ಹಿಮ ತೆಗೆಯುವ ಕೆಲಸವನ್ನು ಹಗುರವಾಗಿ ಎಣಿಸಬಾರದೆಂದು ಒತ್ತಿ ಹೇಳಬೇಕಾಗಿದೆ. ಒಂದು ಮೀಟರ್ ಅಗಲ, ಹತ್ತು ಮೀಟರ್ ಉದ್ದದ ದಾರಿಯ ಮೇಲೆ 20 ಸೆಂಟಿಮೀಟರ್ ಹಿಮ ಬಿದ್ದರೆ ಅದು ಎರಡು ಘನ ಮೀಟರ್. ಹೊಸದಾಗಿ ಬಿದ್ದ ಒಣ ಹಿಮವಾದರೆ ನೂರರಿಂದ ಇನ್ನೂರು ಕಿಲೋ; ಅದೇ ಹಿಮ ನೀರು ಕುಡಿದು ಕುಸಿದಿದ್ದರೆ ಅದರ ಹಲವು ಪಟ್ಟು. ಚಳಿಗೆ ರಕ್ತನಾಳಗಳು ಸಂಕುಚಿಸಿ ರಕ್ತದೊತ್ತಡ ಏರಿರುವ ಹೊತ್ತಿನಲ್ಲಿ, ಹೆಚ್ಚು ನಡೆಯುವ ರೂಢಿಯೂ ಇಲ್ಲದವರು ಬೆಳಿಗ್ಗೆ ಎದ್ದೊಡನೆ ಸಲಿಕೆ ಹಿಡಿದು ಈ ಭಾರವನ್ನು ತೋಳಿನಿಂದ ಎತ್ತಿ ಎಸೆಯುವುದು ಹೃದಯದ ಮೇಲೆ ಹಠಾತ್ತಾಗಿ ಬೀಳುವ ಹೊರೆ. ಬೀಳುತ್ತಿರುವಾಗಲೇ ಆಗಾಗ ತೆಗೆಯುವುದು, ಎತ್ತುವುದರ ಬದಲು ತಳ್ಳುವುದು, ಹೃದ್ರೋಗವಿರುವವರು ಇದನ್ನು ಬೇರೆಯವರಿಗೆ ಒಪ್ಪಿಸುವುದು, ಇವುಗಳಲ್ಲಿ ಸಂಕೋಚಕ್ಕೆ ಎಡೆಯಿಲ್ಲ. ಹಿಮಕ್ಕೆ ಹೆಸರಾದ ಜಪಾನಿನಲ್ಲಿಯೂ ಛಾವಣಿಯ ಹಿಮ ಇಳಿಸಲು ಹತ್ತಿ ಬಿದ್ದು ಸಾಯುವ ವೃದ್ಧರ ಸುದ್ದಿ ಪ್ರತಿ ಚಳಿಗಾಲವೂ ಬರುತ್ತದೆ. ಅಭ್ಯಾಸವಿಲ್ಲದವರು ಒಬ್ಬರೇ ಛಾವಣಿ ಹತ್ತುವುದಂತೂ ಬೇಡವೇ ಬೇಡ.

ದಾರಿಗೆ ಉಪ್ಪು ಚೆಲ್ಲಿದರೆ ಎಲ್ಲವೂ ಸರಿಹೋಗುತ್ತದೆ ಎಂದುಕೊಳ್ಳುವುದೂ ಸರಿಯಲ್ಲ. ಸಾಮಾನ್ಯ ಉಪ್ಪು ಮೈನಸ್ 9 ಡಿಗ್ರಿಯ ಕೆಳಗೆ ಬಹುಮಟ್ಟಿಗೆ ನಿಷ್ಪ್ರಯೋಜಕ. ಅಂಥ ದಿನಗಳಲ್ಲಿ ಮರಳು ಕಾಲಿಗೆ ಹಿಡಿತವನ್ನಾದರೂ ಕೊಡುತ್ತದೆ. ನಡೆಯುವಾಗ ಸಣ್ಣ ಹೆಜ್ಜೆ ಇಟ್ಟು, ಪಾದವನ್ನು ಚಪ್ಪಟೆಯಾಗಿ ಊರಿ, ಕೈಗಳನ್ನು ಜೇಬಿನಿಂದ ಹೊರಗೆ ಇಟ್ಟುಕೊಳ್ಳಬೇಕು. ಹಿಮಗಾಳಿಯಲ್ಲಿ ವಾಹನ ಸಿಕ್ಕಿಕೊಂಡರೆ ಇಳಿದು ನಡೆಯುವ ಯೋಚನೆ ಬೇಡ. ಬಿರುಸಾದ ಹಿಮದಲ್ಲಿ ಕೆಲವೇ ಹೆಜ್ಜೆಗಳಲ್ಲಿ ದಿಕ್ಕು ತಪ್ಪುತ್ತದೆ. 2022ರ ಡಿಸೆಂಬರಿನಲ್ಲಿ ಹಿಮಕ್ಕೆ ಒಗ್ಗಿದ ಅಮೆರಿಕದ ಬಫಲೋ ನಗರವೇ ಒಂದೂವರೆ ದಿನ ಹಿಮಗಾಳಿಗೆ ಸಿಕ್ಕಿ ನಲುಗಿದಾಗ, ತುರ್ತು ವಾಹನಗಳು ಕೂಡ ರಸ್ತೆಯಲ್ಲಿ ಹೂತುಹೋದವು. ಕೆಲವರು ಕಾರಿನಲ್ಲಿ, ಕೆಲವರು ಬೀದಿಯಲ್ಲಿ ಕೊನೆಯುಸಿರೆಳೆದರು. ಕಾರಿನಲ್ಲಿ ಕಾಯುವಾಗ ಹೊಗೆಕೊಳವೆಯ ಸುತ್ತಲಿನ ಹಿಮ ತೆಗೆದು, ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ ಓಡಿಸಿ, ಗಾಳಿ ಬೀಸದ ಕಡೆಯ ಕಿಟಕಿಯನ್ನು ತುಸು ಇಳಿಸಿಟ್ಟುಕೊಳ್ಳಬೇಕು. ಅದಕ್ಕಿಂತಲೂ ಮುಖ್ಯವಾಗಿ, ಹೊರಡಬೇಡಿ ಎಂದು ಹವಾಮಾನ ಇಲಾಖೆ ಹೇಳಿದ ದಿನ ಹೊರಡಬಾರದು.

ನನಗೆ ಎಲ್ಲಕ್ಕಿಂತ ಕಳವಳ ಹುಟ್ಟಿಸುವುದು ಒಂಟಿಯಾಗಿರುವ ಹಿರಿಯರ ಸ್ಥಿತಿ. ವಯಸ್ಸಾದಂತೆ ಚಳಿಯನ್ನು ಗ್ರಹಿಸುವ ಶಕ್ತಿಯೂ ನಡುಗಿ ಶಾಖ ಹುಟ್ಟಿಸುವ ಶಕ್ತಿಯೂ ಕುಂದುತ್ತವೆ. ತಣ್ಣನೆಯ ಕೋಣೆಯಲ್ಲಿ ಕುಳಿತವರು ತಮಗೆ ಚಳಿಯಿಲ್ಲ ಎಂದು ಪ್ರಾಮಾಣಿಕವಾಗಿಯೇ ಹೇಳಬಹುದು. ಹಸುಗೂಸುಗಳು ಕೂಡ ನಡುಗಲಾರವು, ಚಳಿಯಾಗುತ್ತಿದೆ ಎಂದು ಹೇಳಲೂ ಆರವು. ಆದ್ದರಿಂದ ‘ಹೇಗಿದ್ದೀರಿ?’ ಎಂದು ಫೋನಿನಲ್ಲಿ ಕೇಳಿ ಬಿಟ್ಟರೆ ಸಾಲದು. ನಮ್ಮ ಪಕ್ಕದ ಮನೆಯ ಅಜ್ಜಿಯ ಬಳಿ ಹೋದಾಗ ನಾನು ಅವರ ಕೈಯನ್ನು ಮುಟ್ಟಿ ನೋಡುತ್ತೇನೆ, ಕೋಣೆಯ ಉಷ್ಣಮಾಪಕ ಎಷ್ಟು ತೋರಿಸುತ್ತಿದೆ ಎಂದು ಓದುತ್ತೇನೆ, ನಲ್ಲಿಯಲ್ಲಿ ನೀರು ಬರುತ್ತಿದೆಯೇ, ಔಷಧಿ ಇನ್ನೆಷ್ಟು ದಿನಕ್ಕೆ ಇದೆ, ಟಾರ್ಚು ಕೈಗೆಟುಕುವ ಕಡೆ ಇದೆಯೇ ಎಂದು ಕೇಳುತ್ತೇನೆ, ಎರಡು ಮಾತು ಹೆಚ್ಚಾಗಿಯೇ ಆಡಿಸಿ ಅವರ ಮಾತು ತೊದಲುತ್ತಿದೆಯೇ ಎಂದು ಗಮನಿಸುತ್ತೇನೆ. ವಿದ್ಯುತ್ ಹೋದ ರಾತ್ರಿ ಅವರು ನಮ್ಮ ಮನೆಗೆ ಬಂದು ಮಲಗಬೇಕೆಂದು ಮುಂಚೆಯೇ ಮಾತಾಗಿದೆ. ಕತ್ತಲಾಗಿ, ಗಾಳಿ ಎದ್ದು, ದಾರಿ ಮುಚ್ಚಿದ ಮೇಲೆ ಅವರನ್ನು ಒಪ್ಪಿಸಿ ಕರೆತರುವುದು ಕಷ್ಟವೆಂದು ಆ ಮಾತನ್ನು ಹಗಲಲ್ಲೇ ಆಡಿ ಮುಗಿಸಿದೆವು.