ಅಜೀಜನ ಪಾತ್ರಕ್ಕೆ ನಾನೂ ಓದಿದೆ

ಗಿರೀಶ ಕಾರ್ನಾಡರ 'ತುಘಲಕ್' ನಾಟಕದಲ್ಲಿ 13 ದೃಶ್ಯಗಳಿವೆ. ಸುಲ್ತಾನ, ಮಂತ್ರಿ, ಮೌಲ್ವಿಗಳು, ಅಮೀರರು, ಸೈನಿಕರು, ಕಳ್ಳರು ಎಲ್ಲರೂ ಇದ್ದಾರೆ. ಆದರೆ ಮುಖ್ಯ ಪಾತ್ರ ಅನ್ನಬಹುದಾದ ಹೆಂಗಸು ಸುಲ್ತಾನನ ಮಲತಾಯಿ ಒಬ್ಬಳೇ. ನಮ್ಮ ಕಾಲೇಜಿನಲ್ಲಿ ಆ ವರ್ಷ ಇದೇ ನಾಟಕ ಅಂತ ಗೊತ್ತಾದ ದಿನ, ಮೊದಲು ಲೆಕ್ಕ ಹಾಕಿದವರು ಹುಡುಗಿಯರೇ. ಇರುವುದು ಒಂದು ಪಾತ್ರ, ಆಸೆ ಇರುವವರು ಒಂದು ಬೆಂಚಿನ ತುಂಬ.

ನಾನು ಆಗ ಮೈಸೂರಿನಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದೆ. ನಂಜನಗೂಡಿನಿಂದ ದಿನಾ ಟ್ರೈನಿನಲ್ಲಿ ಓಡಾಟ. ರಂಗಾಯಣದ ಬಹುರೂಪಿ ಉತ್ಸವಕ್ಕೆ ಗೆಳತಿಯರ ಜೊತೆ ಹೋಗಿ, ವನರಂಗದಲ್ಲಿ ನಾಟಕ ನೋಡಿ ಹುಚ್ಚು ಹಿಡಿಸಿಕೊಂಡವಳು ನಾನು. ನೋಟಿಸ್ ಬೋರ್ಡಿನಲ್ಲಿ 'ನಾಟಕದಲ್ಲಿ ಆಸಕ್ತಿ ಇರುವವರು ಮಧ್ಯಾಹ್ನ ಮೂರಕ್ಕೆ ಸೆಮಿನಾರ್ ಹಾಲಿಗೆ ಬನ್ನಿ' ಅಂತ ಓದಿದ ಮೇಲೆ ಆ ದಿನದ ಪಾಠ ಯಾವುದೂ ತಲೆಗೆ ಹೋಗಲಿಲ್ಲ.

ನಾಟಕ ಮಾಡಿಸಲು ಬಂದವರು ಹೆಗ್ಗೋಡಿನ ನೀನಾಸಂನಲ್ಲಿ ಕಲಿತವರು. ಕುರ್ಚಿ ಎಲ್ಲ ಗೋಡೆಗೆ ಸರಿಸಿ, ಚಪ್ಪಲಿ ಹೊರಗೆ ಬಿಡಿಸಿ, ನಮ್ಮನ್ನು ನೆಲದ ಮೇಲೆ ಗುಂಡಗೆ ಕೂರಿಸಿದರು. ಹೆಸರು ಕೇಳುವ ಮೊದಲೇ ಎರಡು ಮಾತು ಹೇಳಿಬಿಟ್ಟರು.

"ತಾಲೀಮು ಸಂಜೆ ಆರಕ್ಕೆ ಮುಗಿಯುತ್ತೆ. ಪ್ರದರ್ಶನದ ಹಿಂದಿನ ದಿನ ಮಾತ್ರ ತಡ ಆಗುತ್ತೆ, ಅವತ್ತು ಮನೆಗೆ ಕಳಿಸೋ ಜವಾಬ್ದಾರಿ ಕಾಲೇಜಿಂದು. ಇನ್ನೊಂದು, ಯಾವ ಪಾತ್ರಕ್ಕೆ ಯಾರು ಬೇಕಾದ್ರೂ ಓದಬಹುದು."

ಮೊದಲನೆಯ ಮಾತಿನ ಬೆಲೆ ಹುಡುಗರಿಗೆ ಅಷ್ಟಾಗಿ ಗೊತ್ತಾಗಲಿಲ್ಲ ಅನ್ನಿಸುತ್ತೆ. ನಮಗೆ ಗೊತ್ತಾಯಿತು. ಹಾಸ್ಟೆಲ್ ಗೇಟು ಹಾಕುವ ಹೊತ್ತು, ಕೊನೆಯ ಬಸ್ಸು, ದಾರಿಯಲ್ಲಿ ಕತ್ತಲಾದರೆ ಮನೆಯಿಂದ ಬರುವ ಫೋನು, ಇವು ಎಷ್ಟು ಹುಡುಗಿಯರನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿವೆ! ಚೆನ್ನಾಗಿ ಅಭಿನಯಿಸುವ ಹುಡುಗಿಯರು ಎಷ್ಟೋ ಮಂದಿ ಆಯ್ಕೆಗೆ ಬರುವುದೇ ಇಲ್ಲ. ಕಾಲೇಜುಗಳಲ್ಲಿ ನಾಟಕ ಮಾಡಿಸುವವರು ತಾಲೀಮು ಎಷ್ಟು ಗಂಟೆಗೆ ಮುಗಿಯುತ್ತೆ ಅನ್ನುವುದನ್ನು ನೋಟಿಸಿನಲ್ಲೇ ಬರೆದು ಹಾಕಬೇಕು. ಈ ಮಾತನ್ನು ನಾನು ಸಿಕ್ಕಿದವರಿಗೆಲ್ಲ ಹೇಳುತ್ತೇನೆ.

ಎರಡನೆಯ ಮಾತಿಗೆ ಹಿಂದಿನಿಂದ ಒಬ್ಬ ಹುಡುಗ ಕೇಳಿದ: "ಸಾರ್, ಹುಡುಗೀರು ಗಂಡು ಪಾತ್ರ ಮಾಡಿದ್ರೆ ಜನ ಒಪ್ಪುತ್ತಾರಾ?"

"ಯಕ್ಷಗಾನ ನೋಡಿದ್ದೀಯಾ?" ಅಂದರು ಸರ್. "ಗಂಡಸರು ಸ್ತ್ರೀವೇಷ ಹಾಕಿದ್ರೆ ಜನ ಬೆಳಗಿನ ತನಕ ಕೂತು ನೋಡ್ತಾರೆ. ಕಂಪನಿ ನಾಟಕದಲ್ಲೂ ಎಷ್ಟೋ ಕಾಲ ಹೆಣ್ಣು ಪಾತ್ರ ಮಾಡಿದವರು ಗಂಡಸರೇ ಅಲ್ವಾ? ಅದನ್ನ ಒಪ್ಪಿದ ಜನ ಇದನ್ನೂ ಒಪ್ಪುತ್ತಾರೆ."

ಆಮೇಲೆ ಸ್ವಲ್ಪ ಹೊತ್ತು ಆಟ ಆಡಿಸಿದರು. ಹಾಲಿನ ತುಂಬ ನಡೆಯುವುದು, ಚಪ್ಪಾಳೆ ಹೊಡೆದರೆ ನಿಲ್ಲುವುದು, ಎದುರಿಗೆ ಸಿಕ್ಕವರ ಕಣ್ಣು ನೋಡುವುದು. ಎಲ್ಲರಿಂದ ಒಟ್ಟಿಗೆ ಒಂದು ಜನಪದ ಹಾಡು ಹೇಳಿಸಿದರು. ನಂತರ ಜೆರಾಕ್ಸ್ ಹಾಳೆಗಳನ್ನು ಹಂಚಿದರು.

ಅದು ದೌಲತಾಬಾದಿನ ದಾರಿಯ ದೃಶ್ಯ. ಸುಲ್ತಾನ ದೆಹಲಿಯ ಜನರನ್ನೆಲ್ಲ ದಕ್ಷಿಣಕ್ಕೆ ಹೊರಡಿಸಿದ್ದಾನೆ. ದಾರಿ ನಡುವೆ ಒಂದು ಡೇರೆ. ಅಲ್ಲಿ ಅಗಸರ ಅಜೀಜ ಬ್ರಾಹ್ಮಣನ ವೇಷದಲ್ಲಿ ಅಧಿಕಾರಿಯಾಗಿ ಕೂತಿದ್ದಾನೆ. ಜೊತೆಗೆ ಅವನ ಗೆಳೆಯ, ಜೇಬುಗಳ್ಳ ಆಜಮ್. ಸಾಯುವ ಸ್ಥಿತಿಯಲ್ಲಿರುವ ಮಗುವನ್ನು ವೈದ್ಯರ ಹತ್ತಿರ ಒಯ್ಯಲು ಒಬ್ಬ ತಾಯಿ ಅಪ್ಪಣೆ ಕೇಳುತ್ತಾಳೆ. ಅಜೀಜ ಲಂಚ ಕೇಳುತ್ತಾನೆ. ಆಜಮನ ಕರುಳು ಚುರಕ್ ಅನ್ನುತ್ತೆ, ಅಜೀಜನದು ಅನ್ನುವುದಿಲ್ಲ.

ತಾಯಿಯ ಮಾತುಗಳನ್ನು ಓದಲು ಎದ್ದವರೆಲ್ಲ ಅತ್ತರು. ನನ್ನ ಸರದಿ ಬಂದಾಗ ನನಗೂ ಗಂಟಲು ಕಟ್ಟಿತು. ಸರ್ ಕೈ ಎತ್ತಿ ನಿಲ್ಲಿಸಿದರು.

"ನೀನು ಈಗ ಯಾರಿಗೆ ಹೇಳ್ತಿದ್ದೀಯಮ್ಮಾ?"

"ಅಜೀಜನಿಗೆ, ಸಾರ್."

"ಅವನು ಅಲ್ಲಿ ನಿಂತಿದ್ದಾನೆ. ನೀನು ನಮಗೆ ಅತ್ತು ತೋರಿಸ್ತಿದ್ದೀಯ. ಅಳೋಕೆ ಅವಳಿಗೆ ಪುರುಸೊತ್ತು ಎಲ್ಲಿದೆ? ಮಗು ಉಳೀಬೇಕು. ಅವನನ್ನ ಒಪ್ಪಿಸು."

ಮತ್ತೆ ಓದಿದೆ. ಈ ಸಲ ಹಾಳೆಯಿಂದ ಕಣ್ಣು ಎತ್ತಿ, ಅಜೀಜನಾಗಿ ನಿಂತಿದ್ದ ಬಿ.ಕಾಂ. ಹುಡುಗನ ಮುಖ ನೋಡಿದೆ. ಅವನು ಹಾಳೆ ಮಡಚಿಕೊಂಡು ಆ ಕಡೆ ತಿರುಗಿದ. ನಾನು ತಿಳಿಯದೇ ಎರಡು ಹೆಜ್ಜೆ ಸುತ್ತಿ ಅವನ ಮುಂದೆ ಹೋಗಿ ನಿಂತೆ. ದನಿ ತಾನಾಗಿಯೇ ತಗ್ಗಿತು. ಬೇಡುವವರು ಕೂಗುವುದಿಲ್ಲ ಅನ್ನುವುದು ಬಾಯಿಂದ ಮಾತು ಬಂದ ಮೇಲೆ ನನಗೆ ತಿಳಿಯಿತು. ಹಾಲಿನಲ್ಲಿ ಕೂತವರು ನಮ್ಮಿಬ್ಬರನ್ನೇ ನೋಡುತ್ತಿದ್ದರು.

"ಈಗ ಅದಲು ಬದಲು ಮಾಡಿ," ಅಂದರು ಸರ್. ಹುಡುಗ ತಾಯಿ, ನಾನು ಅಜೀಜ.

ಆ ಹತ್ತು ನಿಮಿಷ ನನಗೆ ಇವತ್ತಿಗೂ ಹಬ್ಬ. ಅಜೀಜ ಅಂಥ ಪಾತ್ರ. ಮೊದಲ ದೃಶ್ಯದಲ್ಲೇ ಬ್ರಾಹ್ಮಣನ ಹೆಸರಿನಲ್ಲಿ ಸುಲ್ತಾನನ ಮೇಲೆ ದಾವೆ ಹೂಡಿ ಗೆದ್ದವನು. ಸುಲ್ತಾನ ಹೊಸ ಕಾನೂನು ಮಾಡಿದರೆ ಅದರೊಳಗೆ ತನಗೆ ಏನು ಸಿಗುತ್ತೆ ಅಂತ ಎಲ್ಲರಿಗಿಂತ ಮೊದಲು ಹುಡುಕುವವನು. ಅವನಿಗೆ ಆ ತಾಯಿಯ ಮೇಲೆ ಸಿಟ್ಟೇನೂ ಇಲ್ಲ. ಸುಮ್ನೆ ಕೆಲಸ ಮಾಡುತ್ತಿದ್ದಾನೆ, ಅಷ್ಟೇ. ಯಾವುದೋ ಕಚೇರಿಯಲ್ಲಿ ನಾಳೆ ಬನ್ನಿ ಅಂತ ತಲೆ ಎತ್ತದೆ ಹೇಳುವ ದನಿಯನ್ನು ನಾನು ನಮ್ಮಜ್ಜಿಯ ಪಿಂಚಣಿ ಕೆಲಸಕ್ಕೆ ಜೊತೆಗೆ ಹೋದಾಗ ಕೇಳಿದ್ದೆ. ಅದೇ ದನಿಯಲ್ಲಿ ಓದಿದೆ. ಗಂಡಸಿನ ದನಿ ಮಾಡಲು ಹೋಗಲೇ ಇಲ್ಲ. ಸರ್ ನಿಲ್ಲಿಸದೆ ದೃಶ್ಯದ ಕೊನೆ ತನಕ ಓದಿಸಿದರು.

ಎರಡು ದಿನ ಬಿಟ್ಟು ಪಟ್ಟಿ ಹಾಕಿದರು. ಅಜೀಜನ ಪಾತ್ರ ಅಂತಿಮ ವರ್ಷದ ಒಬ್ಬ ಅಕ್ಕನಿಗೆ ಸಿಕ್ಕಿತ್ತು. ಅವರು ಓದಿದ್ದನ್ನು ನಾನೂ ಕೇಳಿದ್ದೆ, ಆ ನಗು, ಆ ಚುರುಕು ಅಜೀಜನದೇ. ನನ್ನ ಹೆಸರು ಆಜಮನ ಎದುರಿಗೆ ಇತ್ತು. ಮಂತ್ರಿ ನಜೀಬ್ ಕೂಡ ಹುಡುಗಿಯೇ. ಅಗಸನೂ ಜೇಬುಗಳ್ಳನೂ ಆಗಿ ನಾವಿಬ್ಬರು ಸಂಜೆ ತಾಲೀಮಿಗೆ ಮೊದಲೇ ಹೋಗಿ, ಕ್ಯಾಂಟೀನಿನ ಹಿಂದೆ ಮಾತು ಒಪ್ಪಿಸಿಕೊಳ್ಳಲು ಶುರು ಮಾಡಿದೆವು.

ಮನೆಯಲ್ಲಿ ಅಮ್ಮ, "ಕಳ್ಳನ ಪಾತ್ರನಾ? ರಾಣಿ ಪಾತ್ರ ಇರಲಿಲ್ವಾ?" ಅಂದರು. ಆಜಮ್ ಯಾಕೆ ಒಳ್ಳೆಯವನು ಅಂತ ಅಡುಗೆಮನೆಯಲ್ಲಿ ನಿಂತು ಪೂರ್ತಿ ಕಥೆ ಹೇಳಿದೆ. ಮಗುವಿನ ದೃಶ್ಯಕ್ಕೆ ಬರುವಷ್ಟರಲ್ಲಿ ಅಮ್ಮ ಒಲೆ ಸಣ್ಣ ಮಾಡಿ ಕೇಳಿದರು: "ಹಾಗಾದ್ರೆ ಅವನು ಆ ಹೆಂಗಸನ್ನ ಬಿಡಿಸ್ತಾನಾ, ಇಲ್ವಾ?"

"ನೀವೇ ಬಂದು ನೋಡಿ," ಅಂದೆ. ಅಪ್ಪನನ್ನೂ ಕರೆದುಕೊಂಡು ಬಂದರು.