ಅನಲೈಸರ್ ಸರಿಯಾಗೇ ಇತ್ತು

ಎರಡು ವರ್ಷ ಆಯ್ತು. ಆ ಮಧ್ಯಾಹ್ನ ನೆನಪಾದರೆ ಈಗಲೂ ಎದೆ ಧಸಕ್ ಅನ್ನುತ್ತದೆ.

ನಮ್ಮದು ಸೋಲಾರ್ ಕರೆಂಟಿನಲ್ಲಿ ನೀರು ಒಡೆದು ಹೈಡ್ರೋಜನ್ ತೆಗೆಯುವ ಪ್ಲಾಂಟ್. ಆಲ್ಕಲೈನ್ ಸ್ಟ್ಯಾಕ್ (ನೀರು ಒಡೆಯುವ ಸೆಲ್‌ಗಳ ಸಾಲು), ಅದರಲ್ಲಿ ಸುತ್ತುವ 30% ಪೊಟ್ಯಾಶ್ ಲೈ ಅಂದರೆ ಕ್ಷಾರದ ನೀರು, 80 ಡಿಗ್ರಿ, 15 ಬಾರ್ ಪ್ರೆಶರ್. ಪ್ಯಾನಲ್‌ನಲ್ಲಿ ನಾನಿದ್ದೆ. ಮೋಡ ಕವಿದು ಲೋಡ್ 25%ಗೆ ಇಳಿಯಿತು. ಆದಷ್ಟು ನಿಲ್ಲಿಸಬೇಡಿ ಅಂತ ಮೇಲಿನವರು ಹೇಳಿಯೇ ಇದ್ದರು. ಓಡಿಸುತ್ತಾ ಕೂತೆ.

ಆಕ್ಸಿಜನ್ ಲೈನಿನಲ್ಲಿ ಎಷ್ಟು ಹೈಡ್ರೋಜನ್ ಬೆರೆತಿದೆ ಅಂತ ಅಳೆಯುವ ಅನಲೈಸರ್‌ನಲ್ಲಿ 0.6% ಇದ್ದದ್ದು 1.1% ಆಯಿತು. ಸ್ವಲ್ಪ ಹೊತ್ತಿಗೆ 1.4. ಹದಿನೈದು ದಿನದ ಹಿಂದೆ ಅದಕ್ಕೆ ಗ್ಯಾಸ್ ತರುವ ಸ್ಯಾಂಪಲ್ ಲೈನಿಗೆ ನೀರು ಸೇರಿ ಇದೇ ಅನಲೈಸರ್ ತಪ್ಪು ತೋರಿಸಿತ್ತು. ಇವತ್ತೂ ಅದೇ ಅಂದುಕೊಂಡೆ. 1.6ಕ್ಕೆ ಅಲಾರಂ ಕೂಗಿತು. ಅಕ್ನಾಲೆಡ್ಜ್ ಒತ್ತಿದೆ. ಇನ್‌ಸ್ಟ್ರುಮೆಂಟ್ ಹುಡುಗನಿಗೆ ಫೋನ್ ಮಾಡಿ, "ಟ್ರಿಪ್ ಬೈಪಾಸ್ ಹಾಕಪ್ಪ, ಆಮೇಲೆ ಲೈನ್ ನೋಡು" ಅಂದೆ. ಟ್ರಿಪ್ ಅಂದರೆ ರೀಡಿಂಗ್ ಮಿತಿ ಮುಟ್ಟಿದರೆ ಸ್ಟ್ಯಾಕ್ ತಾನಾಗೇ ನಿಲ್ಲುವುದು; ಬೈಪಾಸ್ ಅಂದರೆ ಕೀ ಹಾಕಿ ಅದನ್ನು ತಪ್ಪಿಸುವುದು.

"ಫಾರಂಗೆ ಸಹಿ ಇಲ್ದೆ ಕೀ ಮುಟ್ಟಲ್ಲ ಸಾರ್. ಮೊದಲು ಡ್ರೈನ್ ಪಾಟ್ ನೋಡ್ತೀನಿ" ಅಂದ. ಸ್ಯಾಂಪಲ್ ಲೈನಿನ ನೀರು ಬಂದು ಸೇರುವ ಪಾತ್ರೆ ಅದು.

ನನಗೆ ಸಿಟ್ಟು ಬಂತು. 1.7. ಅವನು ಪಾಟ್ ಬಿಚ್ಚಿದ, ಬಿಳಿ ಬಟ್ಟೆ ತೂರಿಸಿ ಒರೆಸಿ ತೆಗೆದ. ವಾಕಿಟಾಕಿಯಲ್ಲಿ ಹೇಳಿದ: "ಒಂದು ಹನಿ ನೀರಿಲ್ಲ ಸಾರ್. ಬಟ್ಟೆ ಒಣಗೇ ಇದೆ."

1.9. ನನ್ನ ಕೈ ತಣ್ಣಗಾಯಿತು. ಏನಾದರೂ ಒತ್ತುವ ಮೊದಲೇ 2.0ಕ್ಕೆ ಸ್ಟ್ಯಾಕ್ ಟ್ರಿಪ್ ಆಯಿತು, ಒಳಗಿನ ಗ್ಯಾಸನ್ನು ಹೊರತಳ್ಳುವ ನೈಟ್ರೋಜನ್ ಪರ್ಜ್ ಶುರುವಾಯಿತು. ಸುಮಾರು 4% ಮುಟ್ಟಿದರೆ ಆ ಗ್ಯಾಸಿಗೆ ಒಂದು ಸಣ್ಣ ಕಿಡಿ ಸಾಕು. ಬೈಪಾಸ್ ಹಾಕಿದ್ದರೆ ಆ ದಾರಿಯಲ್ಲಿ ನಮ್ಮನ್ನು ತಡೆಯಲು ಏನೂ ಇರುತ್ತಿರಲಿಲ್ಲ. ಆ ಹುಡುಗ ಲೈಯಿಂದ ಗ್ಯಾಸ್ ಬೇರೆ ಮಾಡುವ ಸೆಪರೇಟರ್ ಪಕ್ಕದಲ್ಲೇ ನಿಂತಿದ್ದ.

ನಾನು ಯೋಚಿಸಬೇಕಿದ್ದದ್ದು ಇಷ್ಟೇ. ಹೈಡ್ರೋಜನ್, ಆಕ್ಸಿಜನ್ ಎರಡೂ ಕಡೆಯ ಸೆಪರೇಟರ್‌ಗಳ ಲೈ ಒಂದೇ ಪಂಪಿಗೆ ಬಂದು ಬೆರೆತು ಮತ್ತೆ ಸ್ಟ್ಯಾಕಿಗೆ ಹೋಗುತ್ತದೆ. ಹೈಡ್ರೋಜನ್ ಕಡೆಯ ಲೈ ತನ್ನಲ್ಲಿ ಕರಗಿದ ಗ್ಯಾಸನ್ನು ಆಕ್ಸಿಜನ್ ಕಡೆಗೂ ಹೊತ್ತೊಯ್ಯುತ್ತದೆ. ಎರಡೂ ಕಡೆಯನ್ನು ಬೇರೆ ಮಾಡುವ ತೆಳು ಪರದೆ, ಡಯಾಫ್ರಮ್, ದಾಟಿಯೂ ಒಂದಿಷ್ಟು ಹೋಗುತ್ತದೆ. ಲೋಡ್ ಇಳಿಸಿದರೆ ಆಕ್ಸಿಜನ್ ಹುಟ್ಟುವುದು ಕಾಲು ಭಾಗಕ್ಕೆ ಬೀಳುತ್ತದೆ, ಆದರೆ ಈ ದಾಟುವಿಕೆ ಅಷ್ಟೊಂದು ಇಳಿಯುವುದಿಲ್ಲ. ಪರ್ಸೆಂಟ್ ಏರಲೇಬೇಕು ಅಲ್ವಾ? ಪ್ರೆಶರ್ ಜಾಸ್ತಿ ಇದ್ದಷ್ಟು ಕರಗುವುದೂ ಜಾಸ್ತಿ. 1.1ರಲ್ಲೇ ಪ್ರೆಶರ್ ಇಳಿಸಿ, ಲೈ ಫ್ಲೋ ತಗ್ಗಿಸಬಹುದಿತ್ತು. ಇಲ್ಲವೇ ಸುಮ್ನೆ ನಿಲ್ಲಿಸಬಹುದಿತ್ತು.

ಬೈಪಾಸ್ ಕೇಳಿದ್ದು ನಾನೇ ಅಂತ ಲಾಗ್‌ಬುಕ್ಕಿನಲ್ಲಿ ಬರೆದೆ. ಆ ಹುಡುಗನ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಈಗ ಲೋಡ್ 40% ಕೆಳಗೆ ಹೋಗಿ ರೀಡಿಂಗ್ ಏರಿದರೆ ನನ್ನ ಶಿಫ್ಟಿನಲ್ಲಿ ಯಾರನ್ನೂ ಕೇಳದೆ ನಿಲ್ಲಿಸುತ್ತೇವೆ. ಒಂದೇ ಅನಲೈಸರ್ ನಂಬಿ ಕೂರುವ ಹಾಗಾಗಬಾರದು, ಎರಡನೆಯದು ಬೇಕು ಅಂತ ಮೂರು ಸಲ ಬರೆದುಕೊಟ್ಟಿದ್ದೇನೆ. ಇನ್ನೂ ಬಂದಿಲ್ಲ. ಈ ವಾರ ನಾಲ್ಕನೇ ಸಲ ಬರೆಯುತ್ತೇನೆ.