ಗೋಳದ ಮೇಲೆ ಲಕ್ಷಾಂತರ ವೋಲ್ಟ್

ಲಕ್ಷಗಟ್ಟಲೆ ವೋಲ್ಟ್‌ಗಳನ್ನು ಮೇಜಿನ ಮೇಲೆಯೇ ಉತ್ಪಾದಿಸಬಹುದೆಂಬ ಸಂಗತಿ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಹವ್ಯಾಸಿಗಳ ಮುಂದಿರುವ ದಾರಿಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ವ್ಯಾನ್ ಡಿ ಗ್ರಾಫ್ ಯಂತ್ರ. ಅದರಲ್ಲಿ ರಬ್ಬರ್ ಪಟ್ಟಿಯೊಂದು ಕೆಳಗಿನ ರೋಲರ್‌ನ ಬಳಿ ಪಡೆದ ವಿದ್ಯುದಾವೇಶವನ್ನು ಮೇಲಿನ ಟೊಳ್ಳು ಲೋಹದ ಗೋಳದೊಳಕ್ಕೆ ಹೊತ್ತೊಯ್ಯುತ್ತದೆ. ಆವೇಶವೆಲ್ಲ ಗೋಳದ ಹೊರಮೈಗೆ ಸರಿದುಬಿಡುವುದರಿಂದ ಒಳಗೆ ಇನ್ನಷ್ಟು ತುಂಬುತ್ತಲೇ ಹೋಗಬಹುದು. ಇದಕ್ಕೆ ಮಿತಿ ಹಾಕುವುದು ಸುತ್ತಲಿನ ಗಾಳಿ. ಒಣಗಾಳಿ ಸೆಂಟಿಮೀಟರಿಗೆ ಸುಮಾರು 30,000 ವೋಲ್ಟ್‌ಗಳವರೆಗೆ ತಾಳಿಕೊಳ್ಳುತ್ತದೆಯಾದ್ದರಿಂದ, 10 ಸೆಂಟಿಮೀಟರ್ ತ್ರಿಜ್ಯದ ಗೋಳವು ತಾತ್ವಿಕವಾಗಿ ಮೂರು ಲಕ್ಷ ವೋಲ್ಟ್‌ಗಳ ಸಮೀಪಕ್ಕೆ ಏರಬಲ್ಲದು. ಆದರೆ ಅದರ ಮೈಮೇಲೆ ಒಂದು ಚೂಪಾದ ಅಂಚಿದ್ದರೂ ಸಾಕು, ಆವೇಶ ಅಲ್ಲಿಂದಲೇ ಸೋರಿಹೋಗುತ್ತದೆ.

ನಿಕೋಲಾ ಟೆಸ್ಲಾ 1891ರಲ್ಲಿ ರೂಪಿಸಿದ ಕಾಯಿಲ್ (ತಂತಿಸುರುಳಿಗಳ ಜೋಡಿ) ಅನುರಣನದ, ಅಂದರೆ ಎರಡೂ ಸುರುಳಿಗಳು ಒಂದೇ ಆವರ್ತನದಲ್ಲಿ ಮಿಡಿಯುವುದರ, ಬಲದಿಂದ ಉದ್ದುದ್ದ ಕಿಡಿಗಳನ್ನು ಚಿಮ್ಮಿಸುತ್ತದೆ. ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಮತ್ತು ಆವೇಶವನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರ್‌ಗಳ ಏಣಿಯಂತಹ ವಿದ್ಯುತ್ ಮಂಡಲ ಇನ್ನೊಂದು ಮಾರ್ಗ. ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ ಎಂಬ ಭೌತವಿಜ್ಞಾನಿಗಳು 1932ರಲ್ಲಿ ಲಿಥಿಯಂ ಪರಮಾಣುವಿನ ನ್ಯೂಕ್ಲಿಯಸ್ಸನ್ನು ಒಡೆದದ್ದು ಈ ಬಗೆಯ ಮಂಡಲದ ನೆರವಿನಿಂದಲೇ.

ವೋಲ್ಟ್‌ಗಳ ಸಂಖ್ಯೆಗಿಂತ ಹರಿಯುವ ವಿದ್ಯುತ್ಪ್ರವಾಹ ಮತ್ತು ಶೇಖರವಾದ ಶಕ್ತಿ ಹೆಚ್ಚು ಭಯಂಕರವಾದವು. ಚಿಕ್ಕ ವ್ಯಾನ್ ಡಿ ಗ್ರಾಫ್ ಯಂತ್ರ ಸಾಮಾನ್ಯವಾಗಿ ಕೂದಲನ್ನು ನಿಮಿರಿಸಿ, ಚುರುಕ್ಕೆನಿಸಿ ಬಿಡುತ್ತದೆ. ಮೈಕ್ರೋವೇವ್ ಒಲೆಯ ಟ್ರಾನ್ಸ್‌ಫಾರ್ಮರ್ ಮಾತ್ರ ಸುಮಾರು 2,000 ವೋಲ್ಟ್‌ಗಳಲ್ಲಿಯೇ ಪ್ರಾಣ ತೆಗೆಯಬಲ್ಲದು. ಅದನ್ನು ಬಿಚ್ಚಿ ಪ್ರಯೋಗಕ್ಕಿಳಿಯುವವರನ್ನು ಕಂಡರೆ ನನಗೆ ನಿಜವಾಗಿಯೂ ಕಳವಳವಾಗುತ್ತದೆ. ದೊಡ್ಡ ಕೆಪಾಸಿಟರ್‌ಗಳಂತೂ ಸ್ವಿಚ್ ಆರಿಸಿದ ನಂತರವೂ ಆವೇಶವನ್ನು ಹಿಡಿದಿಟ್ಟುಕೊಂಡಿರುತ್ತವೆ, ಒಮ್ಮೆ ಬರಿದು ಮಾಡಿದ ಮೇಲೂ ಅವುಗಳಲ್ಲಿ ವೋಲ್ಟೇಜ್ ತಾನಾಗಿಯೇ ಸ್ವಲ್ಪ ಮರಳಬಹುದು. ಆದ್ದರಿಂದ ಅವುಗಳ ಎರಡೂ ತುದಿಗಳನ್ನು ತಂತಿಯಿಂದ ಜೋಡಿಸಿಯೇ ಇಡಬೇಕು.